700 ಕುದುರೆಗಳ ಬಲ ಯಾರ ಭಾರ ಹೊರುವುದಕ್ಕೆ?

 

ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ಇವತ್ತು ನಾವು ಒಂದು ಗಾಡಿಯ ಬಗ್ಗೆ ಮಾತಾಡ್ತೀವಿ. ಫೋರ್ಡ್ ರ್‍ಯಾಪ್ಟರ್ ಅಂದ್ರೆ ಏನು ಅಂತ ನಮ್ಮ ಯೌವನಸ್ಥರ ಕೂಟದ ಹುಡುಗರಿಗೆ ನಾನು ಹೇಳಬೇಕಾಗಿಲ್ಲ. ನಮ್ಮೂರ ಶೋರೂಮಿನಲ್ಲಿ ಅದು ಸಿಗಲ್ಲ, ಆದರೂ ಅದರ ಹಾರ್ಸ್‌ಪವರ್ ಎಷ್ಟು ಅನ್ನೋದು ಅವರಿಗೆ ಬಾಯಿಪಾಠ. ಅಮೆರಿಕದಲ್ಲಿದ್ದುಕೊಂಡು ಆನ್‌ಲೈನಿನಲ್ಲಿ ನಮ್ಮ ಜೊತೆ ಆರಾಧನೆಗೆ ಸೇರುವ ಕುಟುಂಬಗಳಿಗಂತೂ ಅದು ಬರೀ ವಿಡಿಯೋ ಅಲ್ಲ, ಪಕ್ಕದ ಮನೆ ಮುಂದೆ ನಿಂತಿರುವ ಗಾಡಿ. ಅವರಲ್ಲಿ ಕೆಲವರು ನನ್ನನ್ನು ಕೇಳಿದ್ದಾರೆ: "ಪಾಸ್ಟರ್, ಅಷ್ಟು ದುಡ್ಡಿನ ಗಾಡಿ ತಗೊಳ್ಳೋದು ಪಾಪಾನಾ?"

ಈ ಪ್ರಶ್ನೆಗೆ "ಹೌದು" ಅಂದುಬಿಡುವುದು ನನಗೆ ಬಹಳ ಸುಲಭ. ನಮ್ಮ ಕೈಗೆ ಎಟುಕದ ವಸ್ತುವನ್ನು ಪಾಪ ಅನ್ನೋದಕ್ಕೆ ಏನೂ ಖರ್ಚಾಗಲ್ಲ. ಆದ್ದರಿಂದ ಮೊದಲು ಆ ಗಾಡಿಯನ್ನು ಸರಿಯಾಗಿ ನೋಡೋಣ. ಬೈಬಲ್ ಕಾಲೇಜಿಗೆ ಸೇರುವ ಮುಂಚೆ ನಾನು ಎರಡು ವರ್ಷ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು. ಗಾಡಿ ಅಂದ್ರೆ ನನಗೂ ಇಷ್ಟವೇ.

ಪಿಕಪ್ ಹುಟ್ಟಿದ್ದು ದುಡಿಮೆಗೆ. ನಮ್ಮ ಎತ್ತಿನ ಗಾಡಿ ಮಾಡ್ತಿದ್ದ ಕೆಲಸವನ್ನು ಅಮೆರಿಕದ ರೈತ ಪಿಕಪ್‌ನಲ್ಲಿ ಮಾಡಿದ. ಹುಲ್ಲು, ಕಾಳು, ಬೇಲಿ ಕಂಬ, ಕರು, ಎಲ್ಲ ಅದರ ಹಿಂದಿನ ತೊಟ್ಟಿಯಲ್ಲಿ ಹೋಗುತ್ತಿತ್ತು. ಫೋರ್ಡ್ ಕಂಪನಿಯ ಎಫ್ ಸೀರೀಸ್ 1977ರಿಂದ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಅದೇ ಎಫ್-150 ಗಾಡಿಯ ಮೇಲೆ 2010ರ ಮಾಡೆಲ್ ಆಗಿ ರ್‍ಯಾಪ್ಟರ್ ಬಂತು. ಮೆಕ್ಸಿಕೋ ದೇಶದಲ್ಲಿ 1967ರಿಂದ ನಡೆಯುವ ಬಾಹಾ 1000 ಅನ್ನೋ ಮರುಭೂಮಿ ಓಟ ಇದೆಯಲ್ಲ, ಅಂಥ ನೆಲದಲ್ಲಿ ಹಾರಿ ಇಳಿಯುವ ಗಾಡಿಗಳ ಮಾದರಿಯಲ್ಲಿ ಇದನ್ನು ಕಟ್ಟಿದರು. ಉದ್ದದ ಶಾಕ್ ಅಬ್ಸಾರ್ಬರ್, ದೊಡ್ಡ ಟೈರ್, ಒಂದು ಅಡಿಗಿಂತ ಹೆಚ್ಚು ಮೇಲೆ ಕೆಳಗೆ ಆಡುವ ಚಕ್ರ. ನಾವು ಎರಡನೇ ಗೇರಿನಲ್ಲಿ ಇಳಿಸುವ ಹಳ್ಳದ ಮೇಲೆ ಅದು ಹಾರಿಹೋಗುತ್ತೆ. ಅದನ್ನು ಕಟ್ಟಿದ ಇಂಜಿನಿಯರುಗಳ ಬುದ್ಧಿಯನ್ನು ನಾನು ಹೀನೈಸಲ್ಲ. ಬುದ್ಧಿಯೂ ದೇವರು ಕೊಟ್ಟದ್ದೇ.

ಬೆಲೆಯ ಮಾತಿಗೆ ಬರೋಣ. ಸಾಧಾರಣ ರ್‍ಯಾಪ್ಟರ್‌ಗೆ ಈಗ ಸುಮಾರು 80 ಸಾವಿರ ಡಾಲರ್. 2023ರಲ್ಲಿ ಬಂದ ರ್‍ಯಾಪ್ಟರ್ ಆರ್ ಅನ್ನೋದಕ್ಕೆ ಶುರುವಿನಲ್ಲೇ ಸುಮಾರು 1 ಲಕ್ಷ 9 ಸಾವಿರ ಡಾಲರ್. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ ಏಳೂಕಾಲು ಡಾಲರ್. ದಿನಕ್ಕೆ 8 ಗಂಟೆ ಅಂದ್ರೆ 58 ಡಾಲರ್. ಆ ಕೂಲಿಯವನು ಊಟ ಬಾಡಿಗೆ ಏನೂ ಇಲ್ಲದೆ ಪೂರ್ತಿ ಕೂಡಿಟ್ಟರೂ ಸುಮಾರು 1,880 ದಿನದ ಕೂಲಿ ಬೇಕು.

"ಅಯ್ಯೋ, ಅಷ್ಟು ದುಡ್ಡಲ್ಲಿ ಎಷ್ಟು ಬಡವರಿಗೆ ಸಹಾಯ ಮಾಡಬಹುದಿತ್ತು" ಅಂತ ನಿಮ್ಮ ಬಾಯಲ್ಲಿ ಬಂತಾ? ಸ್ವಲ್ಪ ನಿಲ್ಲಿ. ಈ ಮಾತು ಸತ್ಯವೇದದಲ್ಲಿ ಯಾರ ಬಾಯಲ್ಲಿ ಬಂತು ಅಂತ ನೆನಪಿಸಿಕೊಳ್ಳಿ. ಬೇಥಾನ್ಯದಲ್ಲಿ ಒಬ್ಬ ಸ್ತ್ರೀ 300 ದಿನದ ಕೂಲಿಗಿಂತ ಹೆಚ್ಚು ಬೆಲೆಯ ತೈಲವನ್ನು ಒಂದೇ ಸಲ ಸುರಿದಳು. ಪಕ್ಕದಲ್ಲಿದ್ದವರು ಗುಣುಗುಟ್ಟಿದರು. ಯೋಹಾನನ ಸುವಾರ್ತೆ ಆ ಮಾತನ್ನು ಯೂದನದು ಅಂತ ಹೇಳುತ್ತೆ. ಕರ್ತನು ಆ ಸ್ತ್ರೀಯನ್ನು ಗದರಿಸಲಿಲ್ಲ, ಗುಣುಗುಟ್ಟಿದವರನ್ನು ಗದರಿಸಿದನು. ಬೆಲೆ ಹೆಚ್ಚು ಅನ್ನೋ ಒಂದೇ ಕಾರಣಕ್ಕೆ ಯಾವುದೂ ಕೆಟ್ಟದ್ದಾಗಲ್ಲ. ಬೇರೆಯವರ ಜೇಬಿನ ಲೆಕ್ಕ ನಾವು ಮಾಡುವಾಗ ನಮ್ಮ ಲೆಕ್ಕ ಪುಸ್ತಕವನ್ನೂ ಕರ್ತನು ನೋಡ್ತಾ ಇರ್ತಾನೆ. ಆಮೆನ್?

ಹಾಗಾದರೆ ಎಲ್ಲಿ ನೋಡಬೇಕು? ಆ ಬಲ ಯಾವುದಕ್ಕೆ ಅಂತ ನೋಡಬೇಕು.

2021ರಲ್ಲಿ ರ್‍ಯಾಮ್ ಕಂಪನಿ ಟಿಆರ್‌ಎಕ್ಸ್ ಅನ್ನೋ ಪಿಕಪ್ ತಂತು. 702 ಹಾರ್ಸ್‌ಪವರ್. ರ್‍ಯಾಪ್ಟರ್ ಅನ್ನೋದು ಒಂದು ಡೈನೋಸಾರ್‌ನ ಹೆಸರು. ಅದಕ್ಕೆ ಇವರು ಅದಕ್ಕಿಂತ ದೊಡ್ಡ ಟಿ-ರೆಕ್ಸ್ ಡೈನೋಸಾರ್ ನೆನಪಾಗುವ ಹೆಸರಿಟ್ಟರು. ಬಾನೆಟ್ ಎತ್ತಿದರೆ ಒಳಗೆ ದೊಡ್ಡ ಡೈನೋಸಾರ್ ಚಿಕ್ಕದನ್ನು ತಿನ್ನುವ ಚಿತ್ರ ಬೇರೆ. ಫೋರ್ಡ್ ಸುಮ್ಮನಿರುತ್ತಾ? 2023ಕ್ಕೆ 700 ಹಾರ್ಸ್‌ಪವರ್ ತಂತು. ಎರಡು ಕಡಿಮೆ ಆಯ್ತಲ್ಲ, 2024ಕ್ಕೆ 720 ಮಾಡಿತು. ಆ ಇಪ್ಪತ್ತು ಕುದುರೆ ಯಾವ ರೈತ ಕೇಳಿದ್ದ? ಮನುಷ್ಯನ ದುಡಿಮೆ, ಜಾಣತನದ ಹಿಂದೆ ನೆರೆಯವನ ಮೇಲಿನ ಹೊಟ್ಟೆಕಿಚ್ಚು ಇದೆ ಅಂತ ಪ್ರಸಂಗಿಯ 4ನೇ ಅಧ್ಯಾಯ ಎಂದೋ ಕಂಡುಕೊಂಡಿತ್ತು. ಕಂಪನಿಗಳ ಕಥೆ ಅಂತ ನಗಬೇಡಿ. ತಮ್ಮ ಸೈಟ್ ತಗೊಂಡ ಅಂತ ಅಣ್ಣ ಸಾಲ ಮಾಡೋದು ಇದೇ ಎಂಜಿನ್.

ಈಗ ನಾನು ಗ್ಯಾರೇಜಿನ ಕಣ್ಣಲ್ಲಿ ನೋಡಿ ಬೆರಗಾದ ವಿಷಯ ಹೇಳ್ತೀನಿ. ಪೇಲೋಡ್ ಅಂದ್ರೆ ಗಾಡಿ ತನ್ನ ಮೈಮೇಲೆ ಎಷ್ಟು ಭಾರ ಹೊರಬಹುದು ಅನ್ನೋ ಲೆಕ್ಕ, ಕೂತವರೂ ಸೇರಿ. ಸರಿಯಾದ ಎಂಜಿನ್, ಗಟ್ಟಿ ಸ್ಪ್ರಿಂಗ್ ಹಾಕಿಸಿದ 2023ರ ಮಾಡೆಲ್‌ನ ಸಾಧಾರಣ ಎಫ್-150 ಸುಮಾರು 1,500 ಕೆಜಿ ಹೊರುತ್ತಿತ್ತು. ಅದಕ್ಕಿಂತ ಎಷ್ಟೋ ದುಬಾರಿಯಾದ ರ್‍ಯಾಪ್ಟರ್ ಹೊರುವುದು ಸುಮಾರು 635 ಕೆಜಿ. 702 ಕುದುರೆಗಳ ಟಿಆರ್‌ಎಕ್ಸ್ ಹೊರುವುದು 600ಕ್ಕೂ ಸ್ವಲ್ಪ ಕಡಿಮೆ. ಐದು ಜನ ದೊಡ್ಡವರು ಕೂತರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಗೀತು.

ನಮ್ಮ ಸಂತೆಗೆ ಟೊಮೆಟೊ ಕ್ರೇಟ್ ತರುವ ಟಾಟಾ ಏಸ್ ನೋಡಿದ್ದೀರಲ್ಲ? 2005ರಲ್ಲಿ ಬಂದಾಗ ಅದರ ಎಂಜಿನ್ 702 ಸಿಸಿ, ಬಲ 16 ಹಾರ್ಸ್‌ಪವರ್. ಹೊರುವ ಭಾರ 750 ಕೆಜಿ. ಅಲ್ಲಿ 702 ಕುದುರೆ, ಇಲ್ಲಿ 16 ಕುದುರೆ. ಹೆಚ್ಚು ಭಾರ ಹೊರೋದು ಯಾವುದು ನೀವೇ ಹೇಳಿ.

ಯಾಕೆ ಹೀಗೆ? ಕಾರಣ ಸ್ಪ್ರಿಂಗ್. ಲಾರಿಯ ಕೆಳಗೆ ಪಟ್ಟಿ ಮೇಲೆ ಪಟ್ಟಿ ಜೋಡಿಸಿ ಗಟ್ಟಿ ಮಾಡಿರ್ತಾರೆ, ಭಾರ ಬಿದ್ದರೆ ತಡೆದುಕೊಳ್ಳಲಿ ಅಂತ. ಹಾರುವ ಗಾಡಿಗೆ ಮೆತ್ತನೆಯ ಸ್ಪ್ರಿಂಗ್ ಬೇಕು, ಚಕ್ರಕ್ಕೆ ಆಡಲು ಜಾಗ ಬೇಕು. ಮೇಲೆ ಮೂಟೆ ಹೇರಿದರೆ ಆ ಜಾಗ ಮುಚ್ಚಿಹೋಗುತ್ತೆ. ಎಂಜಿನ್ನಿನ ಬಲ ಕಡಿಮೆಯಾಗಿ ಅದು ಹೊರದೇ ಇರೋದಲ್ಲ. ಹಾರುವುದಕ್ಕಾಗಿ ಕಟ್ಟಿದ ಮೈ ಹೊರುವುದಕ್ಕೆ ಬರಲ್ಲ, ಅಷ್ಟೇ.

ಪ್ರಿಯರೇ, ಇದು ಗಾಡಿಗೆ ತಪ್ಪೇನಲ್ಲ. ಮನುಷ್ಯನಿಗೆ ತಪ್ಪು. ನಮ್ಮಲ್ಲಿ ಎಷ್ಟು ಜನ ವಿದ್ಯೆ, ಸಂಬಳ, ಮಾತಿನ ಬಲ ಎಲ್ಲ ಬೆಳೆಸಿಕೊಂಡಿದ್ದೇವೆ, ಆದರೆ ಅಮ್ಮನ ಆಸ್ಪತ್ರೆ ಖರ್ಚು ಬಂದ ದಿನ ಸ್ಪ್ರಿಂಗ್ ಕೂತುಬಿಡುತ್ತೆ? ಒಬ್ಬರ ಭಾರವನ್ನು ಒಬ್ಬರು ಹೊರಬೇಕು, ಅದೇ ಕ್ರಿಸ್ತನ ನಿಯಮವನ್ನು ನೆರವೇರಿಸುವುದು ಅಂತ ಪೌಲನು ಗಲಾತ್ಯದವರಿಗೆ ಕಲಿಸಿದನು. ಬಲವನ್ನು ಅಳೆಯಲು ಅದಕ್ಕಿಂತ ಒಳ್ಳೇ ತಕ್ಕಡಿ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ರ್‍ಯಾಪ್ಟರ್‌ನ ಮುಖದಲ್ಲಿ ಮೂರು ಕಿತ್ತಳೆ ಬಣ್ಣದ ಚಿಕ್ಕ ದೀಪ ಇರುತ್ತೆ. ಅವು ಅಲಂಕಾರಕ್ಕೆ ಬಂದದ್ದಲ್ಲ. 80 ಇಂಚು, ಅಂದ್ರೆ ಎರಡು ಮೀಟರ್‌ಗಿಂತ ಅಗಲವಾದ ಗಾಡಿಗೆ ಅಂಥ ದೀಪ ಇರಲೇಬೇಕು ಅಂತ ಅಮೆರಿಕದ ಕಾನೂನು. "ನಾನು ಅಗಲ ಇದ್ದೀನಿ, ಹುಷಾರು" ಅಂತ ಎದುರಿಗೆ ಬರುವವನಿಗೆ ಹೇಳೋ ದೀಪ ಅದು. ಈಗ ಅದೇ ಸ್ಟೈಲ್ ಆಗಿದೆ. ಅಗಲ ಇಲ್ಲದ ಪಿಕಪ್‌ನವರೂ ಅಂಗಡಿಯಲ್ಲಿ ಕೊಂಡು ಹಾಕಿಸಿಕೊಳ್ತಾರೆ. ಎದುರಿನವನನ್ನು ಕಾಪಾಡಲು ಹುಟ್ಟಿದ್ದು, ಅವನ ಮುಂದೆ ಮೆರೆಯುವುದಕ್ಕೆ ಬಂತು.

ಮೆರೆಯುವುದಷ್ಟೇ ಆಗಿದ್ದರೆ ಬಿಡಬಹುದಿತ್ತು. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ಐಐಎಚ್‌ಎಸ್ 2023ರಲ್ಲಿ ಒಂದು ಅಧ್ಯಯನ ಹೊರತಂದಿತು. ಬಾನೆಟ್‌ನ ಮುಂಭಾಗ 40 ಇಂಚಿಗಿಂತ ಎತ್ತರ ಇರುವ ಗಾಡಿ ಪಾದಚಾರಿಗೆ ಹೊಡೆದರೆ, ತಗ್ಗಾದ ಇಳಿಜಾರು ಬಾನೆಟ್ ಇರುವ ಗಾಡಿಗಿಂತ ಸಾವಿನ ಸಂಭವ ಸುಮಾರು 45 ಶೇಕಡಾ ಹೆಚ್ಚು ಅಂತ ಅದರಲ್ಲಿದೆ. 40 ಇಂಚು ಅಂದ್ರೆ ಎಷ್ಟು? ನಮ್ಮ ಸಂಡೇ ಸ್ಕೂಲಿನ ಚಿಕ್ಕ ತರಗತಿಯ ಮಗುವನ್ನು ಇಲ್ಲಿ ನಿಲ್ಲಿಸಿ ನೋಡಿ. ಗಾಡಿ ಒಳಗೆ ಕೂತವನಿಗೆ ಸುರಕ್ಷಿತ ಅನ್ನಿಸುವ ಎತ್ತರ, ಮುಂದೆ ನಿಂತ ಮಗುವಿಗೆ ಗೋಡೆ. ಧರ್ಮೋಪದೇಶಕಾಂಡ 22ರಲ್ಲಿ ಹೊಸ ಮನೆ ಕಟ್ಟಿದವನು ಮಾಳಿಗೆಗೆ ಸುತ್ತುಗೋಡೆ ಕಟ್ಟಬೇಕು ಅನ್ನೋ ಆಜ್ಞೆ ಇದೆ. ಮನೆ ನಿನ್ನದೇ, ದುಡ್ಡು ನಿನ್ನದೇ. ಆದರೂ ಅಲ್ಲಿಂದ ಬಿದ್ದವನ ರಕ್ತದ ಲೆಕ್ಕ ನಿನ್ನ ಮೇಲೆ. "ನನ್ನ ದುಡ್ಡು, ನನ್ನ ಇಷ್ಟ" ಅನ್ನೋ ಮಾತು ಆ ಮಾಳಿಗೆಯ ಅಂಚಿನಲ್ಲಿ ನಿಂತುಹೋಗುತ್ತೆ.

ಕೊನೆಯದಾಗಿ ಒಂದು ಮನೆಯ ಮಾತು. ಹೆಸರು ಬೇಡ, ಅವರಿಬ್ಬರ ಒಪ್ಪಿಗೆ ಕೇಳಿಯೇ ಹೇಳ್ತಿದ್ದೀನಿ. ಟೆಕ್ಸಾಸ್‌ನಲ್ಲಿ ಇರೋ ಒಬ್ಬ ಸಹೋದರ ಈ ಗಾಡಿಗೆ ಸಾಲ ಗೊತ್ತುಮಾಡಿಕೊಂಡಿದ್ದರು. 84 ತಿಂಗಳು. 80 ಸಾವಿರ ಡಾಲರ್ ಪೂರ್ತಿ ಸಾಲ ಅಂದ್ರೆ ಬಡ್ಡಿ ಬಿಟ್ಟೂ ತಿಂಗಳಿಗೆ ಸುಮಾರು 950 ಡಾಲರ್. ಅವರ ಹೆಂಡತಿ ನರ್ಸ್, ರಾತ್ರಿ ಡ್ಯೂಟಿ. ಎರಡು ಮಕ್ಕಳು. ಆ ಸಹೋದರಿ ಜಗಳ ಮಾಡಲಿಲ್ಲ. ಒಂದೇ ಮಾತು ಕೇಳಿದರು: "ಗಾಡಿ ಚೆನ್ನಾಗೇ ಇದೆ ರೀ. ಆದರೆ ಇದು ತೀರೋವರೆಗೂ ನಾನು ನೈಟ್ ಡ್ಯೂಟಿ ಬಿಡೋ ಹಾಗಿಲ್ಲ, ಅಲ್ವಾ?"

ಸಹೋದರ ಫೋನಿನಲ್ಲಿ ಇದನ್ನು ಹೇಳಿದಾಗ ನಾನು ಯೆಶಾಯನ 46ನೇ ಅಧ್ಯಾಯ ತೆಗೆದು ಓದಿ ಅಂದೆ. ಬಾಬೆಲಿನ ದೇವತೆಗಳನ್ನು ಪಶುಗಳ ಮೇಲೆ ಹೇರಿದ್ದಾರೆ, ದಣಿದ ಪಶುಗಳು ಬಾಗಿಹೋಗಿವೆ. ಜನರನ್ನು ಕಾಯಬೇಕಾದ ದೇವತೆಯೇ ಹೊರೆಯಾಯ್ತು. ಅಲ್ಲೇ ನಮ್ಮ ದೇವರು, ಹುಟ್ಟಿದಂದಿನಿಂದ ನರೆ ಕೂದಲಿನ ತನಕ ತನ್ನ ಜನರನ್ನು ತಾನೇ ಹೊರುತ್ತೇನೆ ಅನ್ನುತ್ತಾನೆ. ವಿಗ್ರಹ ಯಾವುದು ಅಂತ ಗುರುತಿಸೋದು ಹೇಗೆ? ಅದು ನಿನ್ನನ್ನು ಹೊರುತ್ತಾ, ನೀನು ಅದನ್ನು ಹೊರಬೇಕಾ ಅಂತ ನೋಡು. ಆ ಮನೆಯಲ್ಲಿ ಮೂರು ಟನ್ ತೂಕಕ್ಕೆ ಹತ್ತಿರದ ಒಂದು ಗಾಡಿಯನ್ನು ಏಳು ವರ್ಷ ಹೊರಬೇಕಾಗಿದ್ದದ್ದು ನಿದ್ದೆಗೆಟ್ಟ ಒಬ್ಬ ತಾಯಿಯ ಬೆನ್ನು. ಆ ಸಾಲದಲ್ಲಿ ಆ ಗಾಡಿ ಬೇಡ ಅಂತ ನಾನು ನೇರವಾಗಿಯೇ ಹೇಳಿದೆ. ಅವರಿನ್ನೂ ಪ್ರಾರ್ಥನೆಯಲ್ಲಿ ಇದ್ದಾರೆ, ತೀರ್ಮಾನ ಅವರದ್ದು.

ಕೈಯಲ್ಲಿ ದುಡ್ಡಿದ್ದು, ಮನೆಯವರೆಲ್ಲ ಒಪ್ಪಿ, ಯಾರ ಹೊಟ್ಟೆಗೂ ಕಡಿಮೆ ಮಾಡದೆ, ಬಯಲಿನಲ್ಲಿ ಓಡಿಸಿ ಸಂತೋಷಪಡುವವನು ಇದ್ದರೆ? ಅವನನ್ನು ನಾನು ಪಾಪಿ ಅನ್ನಲ್ಲ. ಅನುಭವಿಸಲೆಂದೇ ದೇವರು ಎಲ್ಲವನ್ನೂ ಧಾರಾಳವಾಗಿ ಕೊಡ್ತಾನೆ ಅಂತ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಐಶ್ವರ್ಯವಂತರು ಉದಾರಿಗಳಾಗಿರಬೇಕು ಅಂತಲೂ ಅದರ ಬೆನ್ನಿಗೇ ಇದೆ. ಎರಡನ್ನೂ ಒಟ್ಟಿಗೆ ಓದಿ.

ಇಲ್ಲಿ ಕೂತಿರುವ ನಮಗೆ ರ್‍ಯಾಪ್ಟರ್ ಇಲ್ಲ. ಆದರೆ ಇಎಂಐ ಬೈಕ್ ಇದೆ, ಸಾಲದಲ್ಲಿ ಮಾಡಿದ ಮದುವೆ ಇದೆ, ತೋರಿಸಿಕೊಳ್ಳೋಕೆ ಕೊಂಡ ಫೋನ್ ಇದೆ. ನಮ್ಮ ಸಭೆಗೆ ಹೊಸ ಸೌಂಡ್ ಸಿಸ್ಟಂ ಬೇಕು ಅನ್ನೋ ಮಾತೂ ಕಮಿಟಿಯಲ್ಲಿ ನಡೀತಿದೆ. ಅದಕ್ಕೂ ಇದೇ ತಕ್ಕಡಿ. ಈ ವಾರ ಮನೆಯಲ್ಲಿ ಒಂದು ಕಾಗದ ತಗೊಂಡು ಕೂರಿ. ನಿಮ್ಮ ದೊಡ್ಡ ಖರ್ಚು ಒಂದನ್ನು ಬರೆಯಿರಿ. ಅದರ ಎದುರಿಗೆ, ಅದನ್ನು ಯಾರು ಹೊರುತ್ತಿದ್ದಾರೆ ಅಂತ ಅವರ ಹೆಸರು ಬರೆಯಿರಿ. ಆಮೇಲೆ ಆ ಹೆಸರಿನವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, "ನಿಂಗೆ ಭಾರ ಆಗ್ತಿದೆಯಾ?" ಅಂತ ಕೇಳಿ. ಅವರು ಉತ್ತರ ಹೇಳಿ ಮುಗಿಸೋವರೆಗೂ ಮಧ್ಯೆ ಮಾತಾಡಬೇಡಿ.

ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.