ಶಂಖದ ಸುರುಳಿಯೂ ಸಾಮಾನ್ಯದ ಪ್ರಶ್ನೆಯೂ

ಹುನಗುಂದ ಸೀಮೆಯ ಐಹೊಳೆಯಲ್ಲಿ ಮೇಗುತಿಯ ಗುಡ್ಡವನ್ನೇರುವವರಿಗೆ ನಡುದಾರಿಯಲ್ಲಿ ಎರಡಂತಸ್ತಿನ ಬೌದ್ಧಮಂದಿರವೂ, ನೆತ್ತಿಯ ಮೇಲೆ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಕಟ್ಟಿಸಿದ ಜಿನಾಲಯವೂ ಎದುರಾಗುತ್ತವೆ. ಒಂದೇ ಗುಡ್ಡದಲ್ಲಿ ನೆಲೆಗೊಂಡ ಈ ಎರಡು ದರ್ಶನಗಳು ವೈಶೇಷಿಕರೊಡನೆ ಶತಮಾನಗಳ ಕಾಲ ಬಿಡದೆ ವಾದಿಸಿದ ಪ್ರಶ್ನೆಯೊಂದುಂಟು: ಹಲವು ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುವಾಗ ಅವುಗಳಲ್ಲಿ ಒಂದಾದದ್ದು ನಿಜವಾಗಿಯೂ ಇರುವುದೆ, ಇಲ್ಲವೆ ಆ ಐಕ್ಯವು ನಮ್ಮ ಬುದ್ಧಿಯ ಕಲ್ಪನೆಯೆ? ಸಾಮಾನ್ಯವೆಂಬ ನಿತ್ಯವಾದ ಆ ಒಂದು ತತ್ತ್ವವು ಪ್ರತಿ ವ್ಯಕ್ತಿಯಲ್ಲಿಯೂ ಸಮವಾಯವೆಂಬ ಅಗಲದ ಸಂಬಂಧದಿಂದ ನೆಲೆಸಿದೆಯೆಂದರು ವೈಶೇಷಿಕರು. ಇತರವಾದುದನ್ನು ವರ್ಜಿಸುವುದರ ಹೊರತು ಬೇರೆ ಸಾಮಾನ್ಯವಿಲ್ಲವೆಂದರು ಬೌದ್ಧನಾದ ದಿಙ್ನಾಗನ ಅನುಯಾಯಿಗಳು. ವಸ್ತುವು ಸಾಮಾನ್ಯವೂ ವಿಶೇಷವೂ ಹೌದು, ಎರಡನ್ನೂ ಅಗಲಿಸಲಾಗದೆಂದರು ಜೈನರು.

ಗೋವು, ಘಟಗಳನ್ನು ಉದಾಹರಿಸುವುದು ಶಾಸ್ತ್ರದ ರೂಢಿ. ಕಣ್ಣಿನ ಅಭ್ಯಾಸವು ನೆರವಾಗದ ಉದಾಹರಣೆಯೊಂದು ಬೇಕಾದುದರಿಂದ ನಾನು ಮೆಡಿಟರೇನಿಯನ್ ಸಮುದ್ರದ ರಿಸ್ಸೋವ ಕುಟುಂಬದ ಬಸವನಹುಳುಗಳನ್ನು ಎತ್ತಿಕೊಳ್ಳುತ್ತೇನೆ. ಕಡಲಹುಲ್ಲಿನ ಎಲೆಗಳ ನಡುವೆ ಬಾಳುವ ಇವುಗಳ ಚಿಪ್ಪು ಬಹುಮಟ್ಟಿಗೆ ಜೋಳದ ಕಾಳಿನಷ್ಟು. ಸುತ್ತುಗಳ ಉಬ್ಬು, ಅವುಗಳ ಮೇಲಿನ ಗೆರೆ, ಬಾಯಂಚಿನ ದಪ್ಪ ಇವೆಲ್ಲವೂ ಒಂದೇ ತೆರನಾಗಿರುವ ಎರಡು ಚಿಪ್ಪುಗಳು ತುತ್ತತುದಿಯಲ್ಲಿ ಮಾತ್ರ ಬೇರೆಯಾಗಿರುವುದುಂಟು. ಆ ತುದಿಯು ಪ್ರಾಣಿಯ ಶೈಶವದ ಚಿಪ್ಪು. ಮರಿಯು ನೀರಿನಲ್ಲಿ ತೇಲುತ್ತ ಉಂಡು ಬೆಳೆದಿದ್ದರೆ ಅಲ್ಲಿ ಕಿರಿದಾದ ಹಲವು ಸುತ್ತುಗಳಿರುತ್ತವೆ. ತತ್ತಿಯಿಂದಲೇ ತೆವಳುತ್ತ ಹೊರಬಂದಿದ್ದರೆ ಅಗಲವಾದ ಕೆಲವೇ ಸುತ್ತುಗಳು. ಪ್ರೌಢರೂಪದಲ್ಲಿ ಅವಳಿಗಳಂತಿರುವವನ್ನು ಇದೊಂದರ ಬಲದಿಂದಲೇ ಬೇರೆ ಬೇರೆ ಪ್ರಭೇದಗಳೆಂದು ವಿದ್ವಾಂಸರು ವಿಂಗಡಿಸಿದ್ದಾರೆ.

ಸಾಮಾನ್ಯವು ಬುದ್ಧಿಕಲ್ಪಿತವೇ ಆಗಿದ್ದರೆ, ಯಾವ ಬುದ್ಧಿಯೂ ನೋಡದಿದ್ದ ಆ ಶೈಶವವನ್ನು ತಲೆಮಾರಿನಿಂದ ತಲೆಮಾರಿಗೆ ತಪ್ಪದೆ ಪುನರಾವರ್ತಿಸಿದವರು ಯಾರು? ನಿತ್ಯವೇ ಆಗಿದ್ದರೆ, ಬಾಗಲಕೋಟೆಯ ಸುಣ್ಣಕಲ್ಲು ಒಂದು ಕಡಲಿನ ತಳದಲ್ಲಿ ಪದರುಗಟ್ಟುತ್ತಿದ್ದಾಗ, ಚಿಪ್ಪಿನ ಪ್ರಾಣಿಯೇ ಇನ್ನೂ ಹುಟ್ಟದೆ ಸೂಕ್ಷ್ಮಜೀವಿಗಳು ಮಾತ್ರವೇ ಅಲ್ಲಿ ಮನೆಮಾಡಿದ್ದಾಗ, ಶಂಖತ್ವವು ಎಲ್ಲಿ ನೆಲೆಸಿತ್ತು? ಆಶ್ರಯವಿಲ್ಲದೆಯೂ ಅದು ಇದ್ದೇ ಇತ್ತೆಂದು ವೈಶೇಷಿಕನು ಉತ್ತರಿಸಿಯಾನು. ನನಗೆ ಅದು ಸಮಾಧಾನವಾಗಲಾರದು. ಉತ್ಪಾದ, ವ್ಯಯ, ಧ್ರೌವ್ಯಗಳನ್ನು, ಎಂದರೆ ಹುಟ್ಟು, ಅಳಿವು, ಸ್ಥಿರತೆಗಳನ್ನು ಒಟ್ಟಿಗೆ ಹೇಳಿದ ಜೈನರ ಮಾತೇ ಇಲ್ಲಿ ವಸ್ತುವಿಗೆ ಹತ್ತಿರವಾಗಿದೆ. ಬಸವನಹುಳು ತನ್ನ ಬಾಲ್ಯದ ಚಿಪ್ಪನ್ನು ಕಳಚಿಹಾಕದೆ ಅದರ ಅಂಚಿನಿಂದಲೇ ಮುಂದಿನ ಸುತ್ತನ್ನು ಕಟ್ಟುತ್ತದೆ. ಅದರ ಪರ್ಯಾಯಗಳೆಲ್ಲವೂ, ಎಂದರೆ ಅವಸ್ಥೆಗಳೆಲ್ಲವೂ, ಒಂದೇ ಸುರುಳಿಯಲ್ಲಿ ಉಳಿದಿರುತ್ತವೆ. ಆ ಬೆಳೆಯುವ ಕ್ರಮದ ಐಕ್ಯವೇ ಸಾಮಾನ್ಯವೆಂದು ನಾನು ನಂಬುತ್ತೇನೆ.

ಬಾದಾಮಿಯಲ್ಲಿ, ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶನು 578ರಲ್ಲಿ ಪೂರ್ಣಗೊಳಿಸಿದ ಮೂರನೆಯ ಗುಹೆಯ ವಿಷ್ಣುವಿನ ಕೈಯಲ್ಲಿ ಶಂಖವಿದೆ. ಅದು ಜೀವವು ತೊರೆದ ಶಂಖ, ನಾದಕ್ಕೂ ಪೂಜೆಗೂ ಸಲ್ಲುವಂಥದು. ಪಕ್ಕದ ನಾಲ್ಕನೆಯ ಗುಹೆಯ ಜೈನರಿಗೆ ಶಂಖವೆಂದರೆ ಸ್ಪರ್ಶ, ರಸನಗಳೆಂಬ ಎರಡು ಇಂದ್ರಿಯಗಳುಳ್ಳ ಜೀವ. ಈ ಎಣಿಕೆಯು ಇಂದಿನ ಪ್ರಾಣಿಶಾಸ್ತ್ರಕ್ಕೆ ಹೊಂದುವುದಿಲ್ಲ. ಕಡಲಿನ ಬಸವನಹುಳುವಿಗೆ ಸಾಮಾನ್ಯವಾಗಿ ಕಣ್ಣೂ ಉಂಟು, ನೀರಿನಲ್ಲಿ ವಾಸನೆಯನ್ನರಿಯುವ ಅಂಗವೂ ಉಂಟು. ಆದರೂ ಆ ವರ್ಗೀಕರಣದ ಉದ್ದೇಶವು ಯಾವ ಜೀವಕ್ಕೆ ಎಷ್ಟು ನೋವಾಗಬಲ್ಲುದೆಂಬುದನ್ನು ಅರಿತು ನಡೆಯುವುದಾಗಿತ್ತು. ತೀರದ ಮರಳನ್ನು ಜರಡಿಯಾಡಿ, ಸಿಕ್ಕ ಬರಿಯ ಚಿಪ್ಪಿನಿಂದ ಪ್ರಭೇದವನ್ನು ನಿರ್ಣಯಿಸುವಾಗ ನೋವಿನ ಈ ಪ್ರಶ್ನೆಯು ಏಳುವುದೇ ಇಲ್ಲ. ಆದಕಾರಣ, ಹೆಸರಿಟ್ಟು ಮುಗಿದ ಮೇಲೂ ಆ ಚಿಪ್ಪನ್ನು ಕಟ್ಟಿದ ಪ್ರಾಣಿಯು ಯಾವ ಎಲೆಯ ಮೇಲೆ ಏನನ್ನು ಮೇಯುತ್ತ ಬಾಳಿತೆಂದು ವಿಚಾರಿಸಹೊರಡುವ ವಿದ್ವಾಂಸರನ್ನು ನಾನು ಆ ಜೈನ ಆಚಾರ್ಯರ ಪಂಕ್ತಿಯಲ್ಲಿಯೇ ಕುಳ್ಳಿರಿಸುತ್ತೇನೆ.