ಕಾಯುವವನ ಮೇಲೆ ದೂರು

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವ ಬೈರಿದೇವರಕೊಪ್ಪದವರಿಗೆ ಅಡವಿಯು ಬಹುದೂರವಲ್ಲ. ಕಲಘಟಗಿಯ ಕಡೆಗೆ ಹೋದವರು ಸಾಗವಾನಿಯ ಮರಗಳನ್ನು ಕಂಡೇ ಇರುವರು. ಮರವನ್ನು ಕಾಯುವವನಿಗೂ ಅದರ ಬಳಿ ಬಾಳುವವನಿಗೂ ವ್ಯಾಜ್ಯವು ಹೊಸದಲ್ಲ. ಅದರಲ್ಲಿ ಒಂದು ಪ್ರಶ್ನೆಯು ಏಳುತ್ತದೆ: ಕಳ್ಳನೆಂಬ ಹೆಸರು ಹೊತ್ತವನು ತನ್ನನ್ನು ಹಿಡಿಯಬಂದ ಅಧಿಕಾರಿಯ ಮೇಲೆ ದೂರು ಕೊಡಬಹುದೋ?

ನಮ್ಮ ನಾಡಿನ ಗಡಿಗೆ ಹೊಂದಿದ ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ ವಾಚಾತಿ ಎಂಬ ಗುಡ್ಡಗಾಡಿನ ಜನರ ಹಳ್ಳಿಯುಂಟು. ಅಲ್ಲಿಯವರು ಗಂಧದ ಮರವನ್ನು ಕದ್ದು ಬಚ್ಚಿಟ್ಟಿದ್ದಾರೆಂದು 1992ನೆಯ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳವರು ಕೂಡಿ ನುಗ್ಗಿದರು. ಜನರನ್ನು ಹೊಡೆದರು, ಮನೆಗಳನ್ನು ಹಾಳುಮಾಡಿದರು, 18 ಮಂದಿ ಸ್ತ್ರೀಯರ ಮೇಲೆ ಬಲಾತ್ಕಾರ ನಡಿಸಿದರು. ಆ ಬಡವರ ದೂರಿಗೆ ಮೊದಮೊದಲು ಕಿವಿಗೊಡುವವರಿರಲಿಲ್ಲ. 1995ರಲ್ಲಿ ಮದ್ರಾಸಿನ ಉಚ್ಚ ನ್ಯಾಯಾಲಯದ ಆಜ್ಞೆಯಿಂದ ವಿಚಾರಣೆಯು ಸಿ.ಬಿ.ಐ.ಗೆ ಒಪ್ಪಿಸಲ್ಪಟ್ಟಿತು. ಆರೋಪಿಗಳು 269 ಮಂದಿ. 2011ರ ಸೆಪ್ಟೆಂಬರ್ 29ರಂದು ತೀರ್ಪು ಬರುವಷ್ಟರಲ್ಲಿ 54 ಮಂದಿ ಸತ್ತಿದ್ದರು. ಉಳಿದ 215 ಮಂದಿಯೂ ಅಪರಾಧಿಗಳೆಂದು ನಿರ್ಣಯವಾಯಿತು. 2023ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಸ್ಥಿರಪಡಿಸಿತು.

“ಅವರು ಗಂಧವನ್ನು ಕದ್ದದ್ದು ನಿಜವಾಗಿದ್ದರೆ?” ಎಂದು ಯಾರಾದರೂ ಕೇಳಾರು. ಇರಲಿ; ಕಳವಿಗೆ ದಂಡನೆಯುಂಟು. ಆದರೆ ಅದನ್ನು ಅಳೆದು ಕೊಡತಕ್ಕವನು ನ್ಯಾಯಾಧಿಪತಿಯೇ ಹೊರತು ಲಾಠಿ ಹಿಡಿದವನಲ್ಲ. ನನ್ನ ತಪ್ಪು ನನ್ನನ್ನು ದಂಡನೆಗೆ ಗುರಿಮಾಡುತ್ತದೆ. ಮನುಷ್ಯರ ಸಾಲಿನಿಂದ ಹೊರಗೆ ಹಾಕುವುದಿಲ್ಲ.

“ಹೀಗಾದರೆ ಪ್ರತಿಯೊಬ್ಬ ಕಳ್ಳನೂ ಸುಳ್ಳು ದೂರು ಹೂಡಿ ಅಧಿಕಾರಿಯ ಕೈ ಕಟ್ಟುವನಲ್ಲವೇ?” ಎಂಬ ಮಾತಿನಲ್ಲಿಯೂ ಸತ್ಯವುಂಟು. ಉದ್ಯೋಗದ ನಿಮಿತ್ತ ಮಾಡಿದ ಕೆಲಸಕ್ಕಾಗಿ ಮೊಕದ್ದಮೆ ನಡಿಸಲು ಸರಕಾರದ ಅಪ್ಪಣೆ ಬೇಕೆಂಬ ಕಾಯಿದೆಯು ಇದಕ್ಕಾಗಿಯೇ ಇದೆ. ಆದರೆ ಬಲಾತ್ಕಾರವು ಯಾವ ಉದ್ಯೋಗದ ಕೆಲಸ? ಬೇಲಿಯೇ ಎದ್ದು ಹೊಲ ಮೇಯ್ದಾಗ ಬೇಲಿಯ ಮಾನವನ್ನು ಕಾಯಬೇಕೆಂಬುವನು ಹೊಲವನ್ನು ಮರೆತವನು.

ಅದೇ ಕಾಲದಲ್ಲಿ, ಅದೇ ಗಂಧದ ಕಳವಿನ ಸೀಮೆಯಲ್ಲಿ, ಮತ್ತೊಬ್ಬ ಅಧಿಕಾರಿ ಇದ್ದರು. ಪಿ. ಶ್ರೀನಿವಾಸರೆಂಬ ಅರಣ್ಯಾಧಿಕಾರಿಯು ವೀರಪ್ಪನ್ ಹುಟ್ಟಿದ ಗೋಪಿನಾಥಂ ಹಳ್ಳಿಯವರ ನಡುವೆ ಓಡಾಡಿ, ಅವರ ನಂಬಿಕೆಯನ್ನು ಗಳಿಸಿ, ಅವರನ್ನು ಕಳವಿನಿಂದ ಬಿಡಿಸಲು ಯತ್ನಿಸಿದರು. 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನು ಕೊಂದನು. ಇಂಥವರೂ ವಾಚಾತಿಗೆ ನುಗ್ಗಿದವರೂ ತೊಟ್ಟದ್ದು ಒಂದೇ ಬಗೆಯ ಸಮವಸ್ತ್ರ. ದುಷ್ಟನ ಮೇಲೆ ದೂರು ಇಲ್ಲದಿದ್ದರೆ ಜನರು ಇಬ್ಬರನ್ನೂ ಒಂದೇ ಎಂದೆಣಿಸುವರು. ಆದಕಾರಣ ಸತ್ಯವಾದ ದೂರು ಅಧಿಕಾರಕ್ಕೆ ದ್ರೋಹವಲ್ಲ. ಒಳ್ಳೆಯ ಅಧಿಕಾರಿಯ ಹೆಸರಿಗೆ ಅದೇ ಕಾವಲು.

ದೂರು ಕೊಡುವವನಿಗೂ ಒಂದು ಕಟ್ಟಳೆಯುಂಟು. ಕಂಡದ್ದನ್ನೇ ಹೇಳಬೇಕು, ಕೂಡಿಸಿ ಹೇಳಬಾರದು, ಹೇಳಿದ ಮೇಲೆ ಹಿಂದೆಗೆಯಬಾರದು. ವಾಚಾತಿಯ ಸ್ತ್ರೀಯರು 31 ವರುಷ ಹಾಗೆ ನಿಂತರು.