ಪರರ ಶೋಕ ಮತ್ತು ಪ್ರದರ್ಶಕನ ಧರ್ಮ

ನೆಲೆತಪ್ಪಿದವರ ಬಾಳನ್ನು ವಿಷಯವಾಗಿಟ್ಟುಕೊಂಡ ಕಲಾಪ್ರದರ್ಶನಗಳು ಈ ಕಾಲದಲ್ಲಿ ದೇಶದೇಶಗಳಲ್ಲಿ ನಡೆಯುತ್ತಿವೆ. ಇಂಥ ಪ್ರದರ್ಶನವನ್ನು ಅಣಿಗೊಳಿಸುವವನು ತಾನೇ ಚಿತ್ರ ಬರೆಯುವವನಾಗಬೇಕಿಲ್ಲ. ಯಾವುದನ್ನು ಆರಿಸಬೇಕು, ಎಲ್ಲಿ ನಿಲ್ಲಿಸಬೇಕು, ಅದರ ಪಕ್ಕದಲ್ಲಿ ಏನೆಂದು ಬರೆಯಬೇಕು ಎಂಬುದನ್ನು ನಿಶ್ಚಯಿಸುವುದು ಅವನ ಕೆಲಸ. ಅದು ಕೇವಲ ಅಭಿರುಚಿಗೆ ಸೇರಿದ್ದೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಆದರೆ ಪರರ ಶೋಕವನ್ನು ಸಭೆಯ ಮುಂದಿಡುವವನಿಗೆ ಅಭಿರುಚಿಯೊಂದೇ ಸಾಲದು. ಅವನಿಗೊಂದು ಧರ್ಮವೂ ಉಂಟು. ಅದು ಯಾವುದೆಂಬುದು ವಿಚಾರಾರ್ಹವಾದ ಪ್ರಶ್ನೆ.

ಹೊಸ ಮನೆಯಲ್ಲಿ ನೆಲಸುವುದನ್ನು ಕನ್ನಡದಲ್ಲಿ ‘ಒಕ್ಕಲಾಗುವುದು’ ಎನ್ನುತ್ತಾರೆ; ಇದ್ದ ನೆಲದಿಂದ ಹೊರಡಿಸುವುದನ್ನು ‘ಒಕ್ಕಲೆಬ್ಬಿಸುವುದು’ ಎನ್ನುತ್ತಾರೆ. ಬೆಂಗಳೂರಿನ ದಕ್ಷಿಣಭಾಗ ಈ ಎರಡು ಮಾತುಗಳಿಗೂ ನಿದರ್ಶನವಾಗಿದೆ. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿತ್ತು. ಅದೂ ಅದರ ಸುತ್ತಣ ಬಡಾವಣೆಗಳೂ ಹಬ್ಬಿಕೊಂಡ ನೆಲದಲ್ಲಿ ಹಿಂದೆ ಹೊಲಗಳಿದ್ದವು, ಕೆರೆಗಳಿದ್ದವು, ಊರುಗಳಿದ್ದವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರು ಬಿ.ಟಿ.ಎಂ. ಎಂಬ ಮೂರಕ್ಷರಗಳಾಗಿ ಒಂದು ಬಡಾವಣೆಗೆ ಸಂದಿದೆ. ದಿನವೂ ಆ ಅಕ್ಷರಗಳನ್ನು ನುಡಿಯುವ ಅನೇಕರಿಗೆ ಅವುಗಳ ಹಿಂದಿರುವ ಊರುಗಳ ನೆನಪು ಬಾರದು. ಮಡಿವಾಳಕ್ಕೆ ಬಹುದೂರವಲ್ಲದ ಈಜಿಪುರದಲ್ಲಿ 2013ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಬಡಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. ಇಂಥ ನೆರೆಯಲ್ಲಿ ನೆಲೆತಪ್ಪಿದವರ ವಿಷಯವಾಗಿ ಪ್ರದರ್ಶನವನ್ನು ಏರ್ಪಡಿಸುವವನು, ತಾನು ಆರಿಸಿಕೊಂಡ ವಿಷಯ ತನ್ನ ಕಾಲಕೆಳಗೇ ಇದೆಯೆಂಬುದನ್ನು ಮರೆಯಲಾಗದು.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಶೋಕ ಕಲೆಯಾಗಬೇಕಾದರೆ ಅದು ‘ಇವನದು’, ‘ಅವನದು’ ಎಂಬ ಕಟ್ಟನ್ನು ಕಳೆದುಕೊಳ್ಳಬೇಕಲ್ಲವೆ? ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದದ್ದು ಇದನ್ನೇ. ಅಭಿನವಗುಪ್ತನು ಬೆಳೆಸಿದ್ದೂ ಇದನ್ನೇ. ಒಬ್ಬನ ಅಳಲು ಎಲ್ಲರ ಅಳಲಾದಾಗಲೇ ಕರುಣರಸ. ಹಾಗಿರುವಲ್ಲಿ ಯಾರ ಮನೆ ಬಿತ್ತು, ಯಾವ ಊರು ಹೋಯಿತು ಎಂಬ ವಿವರದಿಂದ ರಸಿಕನಿಗೆ ಆಗಬೇಕಾದದ್ದೇನು?

ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ನೆಲೆತಪ್ಪಿದವನ ವಿಷಯದಲ್ಲಿ ಅದಕ್ಕೊಂದು ತೊಡಕಿದೆ. ಅವನಿಗಾದ ಅನ್ಯಾಯವೇ ಅವನ ವಿಶೇಷವನ್ನು ಕಿತ್ತುಕೊಂಡದ್ದು. ಇಂಥ ಬೀದಿಯ, ಇಂಥ ಮನೆಯ, ಇಂಥವನೆಂದು ನೆರೆಯವರು ಗುರುತಿಸುತ್ತಿದ್ದವನು ಪಟ್ಟಿಯಲ್ಲಿ ಒಂದು ಸಂಖ್ಯೆಯಾದನು. ಕಲೆಯೂ ಅವನನ್ನು ‘ಮಾನವದುಃಖ’ ಎಂಬ ಸಾಮಾನ್ಯದಲ್ಲಿ ಕರಗಿಸಿದರೆ ಅವನು ಎರಡನೆಯ ಸಲ ಒಕ್ಕಲೆದ್ದಂತಾಯಿತು. ಕಲೆ ಸಾಮಾನ್ಯವನ್ನು ಬಯಸುತ್ತದೆ, ನ್ಯಾಯ ವಿಶೇಷವನ್ನು ಬೇಡುತ್ತದೆ. ಪ್ರದರ್ಶಕನು ಈ ಎರಡರ ನಡುವೆ ನಿಂತವನು.

ಪರದೇಶದ ಒಂದು ನಿದರ್ಶನವನ್ನು ನೋಡಬಹುದು. 2015ರ ಏಪ್ರಿಲ್ 18ರಂದು ಲಿಬಿಯದ ಕಡೆಯಿಂದ ಬರುತ್ತಿದ್ದ ಮೀನುಗಾರರ ದೋಣಿಯೊಂದು ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿ, ವಲಸೆ ಹೊರಟಿದ್ದ ನೂರಾರು ಜನ ಸತ್ತರು; ಬದುಕಿ ಉಳಿದವರು 28 ಮಂದಿ. ನೀರಿನಿಂದ ಎತ್ತಿದ ಆ ದೋಣಿಯನ್ನು 2019ರಲ್ಲಿ ಸ್ವಿಸ್ ಕಲಾವಿದ ಕ್ರಿಸ್ಟೋಫ್ ಬ್ಯುಕೆಲ್ ವೆನಿಸ್ ನಗರದ ಮಹಾಪ್ರದರ್ಶನದಲ್ಲಿ ನಿಲ್ಲಿಸಿದನು. ಪಕ್ಕದಲ್ಲಿ ವಿವರದ ಫಲಕವಿರಲಿಲ್ಲ. ಹತ್ತಿರದಲ್ಲಿ ಕಾಫಿಯ ಅಂಗಡಿಯಿತ್ತು. ಅದರ ಮುಂದೆ ನಿಂತು ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡು ಹೋದವರೂ ಇದ್ದರು. ಮೌನವೇ ತಕ್ಕದ್ದೆಂದು ಕೆಲವರು ವಾದಿಸಿದರು. ಆದರೆ ಸತ್ತವರು ಯಾರೆಂದು ತಿಳಿಯದವನ ಮೌನಕ್ಕೂ ಉದಾಸೀನತೆಗೂ ಭೇದವೇನು?

ಬೆಂಗಳೂರಿನ ಕಲಾವಿದೆ ಶೀಲಾ ಗೌಡರ ‘ಡಾರ್ಕ್‌ರೂಮ್’ ಎಂಬ 2006ರ ಕೃತಿ ಬೇರೊಂದು ದಾರಿಯನ್ನು ತೋರಿಸುತ್ತದೆ. ರಸ್ತೆಗೆ ಟಾರು ಹಾಕುವ ಕೂಲಿಗಳು ಖಾಲಿ ಡ್ರಮ್ಮುಗಳನ್ನು ತಟ್ಟಿ ಹರಡಿ ಗುಡಿಸಲು ಮಾಡಿಕೊಳ್ಳುವುದುಂಟು. ಆ ಡ್ರಮ್ಮುಗಳಿಂದಲೇ ಕಟ್ಟಿದ ಈ ಕೋಣೆಯೊಳಕ್ಕೆ ನೋಡುವವನು ಬಗ್ಗಿ ತೆವಳಿ ಹೋಗಬೇಕು. ಒಳಗೆ ಕತ್ತಲೆ, ಮೇಲಿನ ತೂತುಗಳಿಂದ ನಕ್ಷತ್ರಗಳಂತೆ ಬೆಳಕು. ಇಲ್ಲಿ ಯಾವ ಕೂಲಿಯ ಹೆಸರೂ ಇಲ್ಲ, ನಿಜ. ಆದರೆ ನೋಡುವವನ ಬೆನ್ನು ಬಾಗುತ್ತದೆ. ಪರರ ಗುಡಿಸಲು ಒಂದು ಕ್ಷಣ ಅವನ ಮೈಗೆ ತಾಗುತ್ತದೆ. ಕಲಾವಿದೆ ತನ್ನ ಪಾಲಿನ ಕೆಲಸವನ್ನು ಮಾಡಿದಂತಾಯಿತು. ಅಂಥ ಗುಡಿಸಲಿನಲ್ಲಿ ಮಲಗುವವರು ಯಾರು, ಯಾವ ರಸ್ತೆಗಾಗಿ ಬಂದವರು ಎಂಬುದನ್ನು ಹೇಳಬೇಕಾದ ಪಾಲು ಪ್ರದರ್ಶಕನದು.

ಹೀಗೆ ನೋಡಿದರೆ ಅವನ ಧರ್ಮ ಮೂರು ಬಗೆಯಾಗುತ್ತದೆ. ಮೊದಲನೆಯದು, ಕೇಳುವುದು: ವಸ್ತುವೂ ಕಥೆಯೂ ಯಾರವೋ ಅವರ ಒಪ್ಪಿಗೆಯಿಲ್ಲದೆ ಅವನ್ನು ಸಭೆಗೆ ತರಲಾಗದು. ಎರಡನೆಯದು, ಹೇಳುವುದು: ಊರು, ವರ್ಷ, ಕಾರಣಗಳನ್ನು ಮರೆಮಾಚದೆ ಬರೆಯಬೇಕು, ಹೆಸರು ಹೇಳಿದರೆ ಅಪಾಯವೆಂದು ಬಾಧಿತರು ಬೇಡವೆಂದರೆ ಅವರ ಮಾತೇ ಪ್ರಮಾಣ. ಮೂರನೆಯದು, ಕರೆಯುವುದು: ಈಜಿಪುರದಿಂದ ಎದ್ದುಹೋದವರ ಚಿತ್ರ ಗೋಡೆಯ ಮೇಲಿದ್ದು, ಆ ಬಾಗಿಲಲ್ಲಿ ಅವರನ್ನೇ ಕಾವಲುಗಾರನು ತಡೆಯುವಂತಾದರೆ ಅಲ್ಲಿ ಕರುಣೆಗೆ ಅರ್ಥವಿಲ್ಲ. ಅವರು ಬಂದು ‘ಇದು ಹೀಗಿರಲಿಲ್ಲ’ ಎಂದು ತಿದ್ದಲು ಅವಕಾಶವಿರಬೇಕು. ಆ ತಿದ್ದುಪಾಟನ್ನು ಫಲಕದ ಮೇಲೆ ಬರೆಯುವಷ್ಟು ವಿನಯ ಪ್ರದರ್ಶಕನಿಗಿರಬೇಕು.

ಇಷ್ಟು ಮಾಡಿದರೂ ಹೋದ ಮನೆ ಹಿಂದಿರುಗದು. ಪ್ರದರ್ಶನದಿಂದ ನ್ಯಾಯ ದೊರೆಯಿತೆಂದು ಹೇಳಿಕೊಳ್ಳುವುದು ದಂಭ. ಆದರೆ ಒಬ್ಬನಿಗೆ ಒಂದು ನೆಲೆಯಿತ್ತೆಂದು ಊರು ಬಹಿರಂಗವಾಗಿ ಒಪ್ಪಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಕೊಡಬೇಕಾದ್ದೇನೆಂಬ ಪ್ರಶ್ನೆ ಆ ಒಪ್ಪಿಗೆಯಾದ ಮೇಲೆಯೇ ಏಳುತ್ತದೆ. ಅದನ್ನು ಏಳಗೊಡದಂತೆ ಕಣ್ಣೀರಿನಲ್ಲಿಯೇ ತೃಪ್ತಿಪಡಿಸಿ ಕಳುಹಿಸುವ ಪ್ರದರ್ಶನ, ಎಷ್ಟು ಸುಂದರವಾಗಿದ್ದರೂ, ತನ್ನ ಕೆಲಸವನ್ನು ಅರ್ಧಕ್ಕೆ ಬಿಟ್ಟಂತೆಯೇ.